ಗುರಾಣಿಯ ಮೇಲಿನ ರಕ್ತಕ್ಕೆ ಹೊಣೆ ಯಾರು?

ಲಾಟ್ವಿಯಾದ ರಿಗಾ ನಗರದ ಒಂದು ಚೌಕ. ಹಾಡಹಗಲಿನಲ್ಲಿ, ಜನರ ಕಣ್ಣೆದುರೇ, ಕ್ಯಾಪ್ಟನ್ ಅಮೆರಿಕನ ವೇಷ ತೊಟ್ಟವನು ನೆಲಕ್ಕೆ ಬಿದ್ದ ನಿರಾಯುಧ ಹುಡುಗನೊಬ್ಬನನ್ನು ಗುರಾಣಿಯ ಅಂಚಿನಿಂದ ಜಜ್ಜಿ ಕೊಲ್ಲುತ್ತಾನೆ. ಸುತ್ತ ನಿಂತವರು ಮೊಬೈಲ್ ಎತ್ತಿ ಚಿತ್ರೀಕರಿಸುತ್ತಾರೆ. ಕೆಂಪು, ಬಿಳಿ, ನೀಲಿ ಬಣ್ಣದ ಆ ಗುರಾಣಿಗೆ ರಕ್ತ ಮೆತ್ತಿಕೊಂಡಿದೆ. 2021ರ ಏಪ್ರಿಲ್‌ನಲ್ಲಿ ಬಂದ ‘ದಿ ಫಾಲ್ಕನ್ ಅಂಡ್ ದಿ ವಿಂಟರ್ ಸೋಲ್ಜರ್’ ಸರಣಿಯ ನಾಲ್ಕನೆಯ ಕಂತು ಮುಗಿಯುವುದು ಹೀಗೆ. ಮಾರ್ವೆಲ್ ಸ್ಟುಡಿಯೋಸ್ ಕಿರುತೆರೆಗೆಂದು ಮಾಡಿದ್ದರಲ್ಲಿ ಇಷ್ಟು ನೇರವಾದ ಇನ್ನೊಂದು ದೃಶ್ಯವನ್ನು ನಾನು ನೋಡಿಲ್ಲ. ಒಂದು ದೇಶ ತಾನು ಪೂಜಿಸುವ ಲಾಂಛನದಿಂದಲೇ ಕೊಲೆ ಮಾಡಿದೆ, ಲೋಕವೆಲ್ಲ ಅದನ್ನು ನೋಡಿದೆ. ಹಾಗಾದರೆ ಮುಂದೇನು?

ಆರು ಕಂತುಗಳ ಈ ಸರಣಿಗೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಚೆನ್ನಾಗಿ ಗೊತ್ತಿತ್ತು. ಅದನ್ನು ಕೇಳುವ ಧೈರ್ಯವೂ ಇತ್ತು. ಉತ್ತರದ ಹತ್ತಿರ ಬಂದಾಗಲೆಲ್ಲ ಅದು ಬೇರೆ ದಾರಿ ಹಿಡಿಯಿತು. ಪ್ರಭುತ್ವ ಹೊರಬೇಕಾದ ಹೊಣೆಯನ್ನು ಒಬ್ಬ ಒಳ್ಳೆಯ ಮನುಷ್ಯನ ಹೆಗಲಿಗೆ ಹೊರಿಸಿ, ಅವನ ಒಳ್ಳೆಯತನವನ್ನೇ ನ್ಯಾಯವೆಂದು ನಮಗೆ ಒಪ್ಪಿಸಲು ನೋಡಿತು. ಚಿಕ್ಕಂದಿನಿಂದ ಕ್ಯಾಪ್ಟನ್ ಅಮೆರಿಕ ಕಾಮಿಕ್ಸ್ ಓದುತ್ತ ಬಂದ ನನಗೆ ಇದು ದೊಡ್ಡ ನಿರಾಸೆ.

ಕಾಮಿಕ್ಸ್ ಅಭಿಮಾನಿಗಳ ಟೀಕೆಯೆಂದರೆ ಮೂಲದಲ್ಲಿ ಹೀಗಿತ್ತು, ತೆರೆಯ ಮೇಲೆ ಹಾಗಾಯಿತು ಎಂಬ ದೂರು ಎಂದು ಹಲವರು ತಿಳಿಯುತ್ತಾರೆ. ನನ್ನ ತಕರಾರು ಅದಲ್ಲ. ಐವತ್ತು ಅರವತ್ತು ವರ್ಷಗಳಲ್ಲಿ ಹತ್ತಾರು ಕೈಗಳು ಬರೆದ ಕಥೆ ತೆರೆಗೆ ಬರುವಾಗ ಬದಲಾಗಲೇಬೇಕು. ಕಾರ್ಲ್ ಮಾರ್ಗೆಂಥಾ ಎಂಬ ಗಂಡು ಖಳ ಕಾರ್ಲಿ ಎಂಬ ಹುಡುಗಿಯಾದುದಕ್ಕೆ, ಐಸಾಯಾ ಎಂಬ ಕಪ್ಪು ಸೈನಿಕನ ಕಥೆಯ ಕಾಲ ಎರಡನೆಯ ಮಹಾಯುದ್ಧದಿಂದ ಕೊರಿಯಾ ಯುದ್ಧಕ್ಕೆ ಸರಿದುದಕ್ಕೆ ನನ್ನ ಆಕ್ಷೇಪವಿಲ್ಲ. ಮೂಲವನ್ನು ಬಿಟ್ಟಾಗಲೆಲ್ಲ ಸರಣಿ ಯಾವ ದಿಕ್ಕಿಗೆ ಸರಿಯಿತು ಎಂಬುದನ್ನು ನಾವು ನೋಡಬೇಕು. ಮುಖ್ಯವಾದ ಮೂರು ಕಡೆಗಳಲ್ಲೂ ಅದು ಕಷ್ಟದ ದಾರಿ ಬಿಟ್ಟು ಸುಲಭದ ದಾರಿಗೆ ಸರಿದಿದೆ.

ಇದು ಅರ್ಥವಾಗಬೇಕಾದರೆ ಈ ಗುರಾಣಿಯ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಯಹೂದಿ ಕುಟುಂಬಗಳಿಂದ ಬಂದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬ ಇಬ್ಬರು ಯುವಕರು ಕ್ಯಾಪ್ಟನ್ ಅಮೆರಿಕನನ್ನು ಸೃಷ್ಟಿಸಿದರು. 1941ರ ಮಾರ್ಚ್ ತಿಂಗಳ ಹೆಸರಿನಲ್ಲಿ ಬಂದ ಮೊದಲ ಸಂಚಿಕೆಯ ಮುಖಪುಟದಲ್ಲೇ ಅವನು ಹಿಟ್ಲರನ ದವಡೆಗೆ ಗುದ್ದುತ್ತಾನೆ. ಆ ಸಂಚಿಕೆ ಅಂಗಡಿಗೆ ಬಂದದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು, ಯುದ್ಧ ನಮಗೇಕೆ ಎನ್ನುವವರ ಸಂಖ್ಯೆ ಆ ದೇಶದಲ್ಲಿ ದೊಡ್ಡದಿತ್ತು. ಹುಟ್ಟಿದ ದಿನವೇ ಈ ಪಾತ್ರ ತನ್ನ ಸರ್ಕಾರಕ್ಕಿಂತ ಒಂದು ಹೆಜ್ಜೆ ಮುಂದಿತ್ತು.

ಆ ಗುಣ ಮುಂದೆಯೂ ಉಳಿಯಿತು. 1974ರಲ್ಲಿ, ವಾಟರ್‌ಗೇಟ್ ಹಗರಣ ಕಾವೇರಿದ್ದಾಗ, ಲೇಖಕ ಸ್ಟೀವ್ ಎಂಗಲ್‌ಹಾರ್ಟ್ ಒಂದು ಗುಪ್ತ ಸಂಚಿನ ಕಥೆ ಬರೆದರು. ಅದರ ಕೊನೆಯಲ್ಲಿ ಸಂಚಿನ ನಾಯಕ ಶ್ವೇತಭವನದೊಳಗೆ ಓಡಿಹೋಗುತ್ತಾನೆ. ಕ್ಯಾಪ್ಟನ್ ಅಲ್ಲಿಗೂ ಬೆನ್ನಟ್ಟಿ ಮುಸುಕು ಕೀಳುತ್ತಾನೆ. ಒಳಗಿನ ಮುಖವನ್ನು ಓದುಗರಿಗೆ ತೋರಿಸದಿದ್ದರೂ ಅದು ಯಾರದೆಂದು ಯಾರಿಗೂ ಸಂಶಯವಿರಲಿಲ್ಲ, ತಮ್ಮ ಮನಸ್ಸಿನಲ್ಲಿದ್ದದ್ದು ನಿಕ್ಸನ್ ಎಂದು ಲೇಖಕರೂ ಆಮೇಲೆ ಹೇಳಿದರು. ಮುಂದಿನ ಸಂಚಿಕೆಯಲ್ಲಿ ಕ್ಯಾಪ್ಟನ್ ಆಗಿದ್ದ ಸ್ಟೀವ್ ರೋಜರ್ಸ್ ವೇಷ ಕಳಚಿಟ್ಟ. ಆ ಸಂಚಿಕೆಯ ಮೇಲಿನ ತಿಂಗಳು ಆಗಸ್ಟ್. ಅದೇ ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟರು.

1985ರಿಂದ 1995ರವರೆಗೆ ಈ ಪತ್ರಿಕೆಯನ್ನು ಬರೆದ ಮಾರ್ಕ್ ಗ್ರುಯೆನ್‌ವಾಲ್ಡ್ ಇನ್ನೂ ಆಳಕ್ಕಿಳಿದರು. ಈ ಸರಣಿ ಹೆಚ್ಚಿನ ಸಾಲ ಪಡೆದಿರುವುದು ಅವರಿಂದಲೇ. ರಾಷ್ಟ್ರಗಳೇ ಬೇಡ ಎನ್ನುವ ಫ್ಲ್ಯಾಗ್-ಸ್ಮ್ಯಾಷರ್ ಅವರ ಸೃಷ್ಟಿ, ಸರಣಿಯಲ್ಲಿ ರಿಗಾದ ಚೌಕದಲ್ಲಿ ಕೊಲ್ಲುವ ಜಾನ್ ವಾಕರ್ ಕೂಡ ಅವರ ಸೃಷ್ಟಿ. 1987ರಲ್ಲಿ ಅವರು ಬರೆದ ಕಥೆಯಲ್ಲಿ ಸರ್ಕಾರಿ ಆಯೋಗವೊಂದು ಸ್ಟೀವ್‌ನನ್ನು ಕರೆಸಿ, ಹೆಸರು, ವೇಷ, ಗುರಾಣಿ ಎಲ್ಲವೂ ಸರ್ಕಾರದ ಸ್ವತ್ತು, ಹೇಳಿದ ಕೆಲಸ ಮಾಡು ಎನ್ನುತ್ತದೆ. ಸ್ಟೀವ್ ಯೋಚಿಸಿ, ಎಲ್ಲವನ್ನೂ ಮೇಜಿನ ಮೇಲಿಟ್ಟು ಹೊರಡುತ್ತಾನೆ. ಅವನ ಜಾಗಕ್ಕೆ ಬಂದ ವಾಕರ್ ಕೆಟ್ಟವನಲ್ಲ. ಆಜ್ಞೆ ಪಾಲಿಸುವ, ದೇಶವನ್ನು ಪ್ರೀತಿಸುವ ಸೈನಿಕ. ಹಿಂಸೆ ಅವನನ್ನು ಮೆಲ್ಲಮೆಲ್ಲಗೆ ತಿನ್ನುತ್ತದೆ. ತಂದೆತಾಯಿಯ ಕೊಲೆಯಾದಾಗ ಅವನು ಬುದ್ಧಿ ಕಳೆದುಕೊಂಡು ಕೊಲ್ಲುತ್ತ ಹೋಗುತ್ತಾನೆ. ವ್ಯಕ್ತಿಯ ಕೋಪಕ್ಕಿಂತ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ ಆಯೋಗದ ಕಡೆಗೆ ಆ ಕಥೆ ಬೆರಳು ತೋರಿಸುತ್ತಿತ್ತು.

ಈಗ ಸರಣಿಗೆ ಬರೋಣ. ಮುಖ್ಯ ಲೇಖಕ ಮಾಲ್ಕಂ ಸ್ಪೆಲ್‌ಮನ್ ಮತ್ತು ನಿರ್ದೇಶಕಿ ಕಾರಿ ಸ್ಕಾಗ್‌ಲ್ಯಾಂಡ್ ಮಾಡಿದ ಒಳ್ಳೆಯ ಕೆಲಸವನ್ನು ಮೊದಲು ಹೇಳಬೇಕು. ಆರಂಭದಲ್ಲಿ ಫಾಲ್ಕನ್ ಆಗಿರುವ ಸ್ಯಾಮ್ ವಿಲ್ಸನ್, ಸ್ಟೀವ್ ತನಗೆ ಒಪ್ಪಿಸಿದ ಗುರಾಣಿಯನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡುತ್ತಾನೆ. ಸರ್ಕಾರ ಅದನ್ನು ಅಲ್ಲಿಂದೆತ್ತಿ ವಾಕರ್ ಕೈಗೆ ಕೊಡುತ್ತದೆ. ಲೂಸಿಯಾನದ ಊರಿನಲ್ಲಿ ಒಡಹುಟ್ಟಿದವರ ಕಷ್ಟಸುಖದ ಒಂದು ಮನೆಯ ಕಥೆಯಿದೆ: ಸ್ಯಾಮ್ ಮತ್ತು ಸೋದರಿ ಸಾರಾ ತಂದೆತಾಯಿಯ ದೋಣಿ ಉಳಿಸಿಕೊಳ್ಳಲು ಬ್ಯಾಂಕಿಗೆ ಸಾಲ ಕೇಳಲು ಹೋಗುತ್ತಾರೆ. ಬ್ಯಾಂಕಿನವನು ಸ್ಯಾಮ್‌ನ ಜೊತೆ ಫೋಟೊ ತೆಗೆಸಿಕೊಳ್ಳಲು ಕಾತರಿಸುತ್ತಾನೆ, ಸಾಲ ಮಾತ್ರ ಕೊಡುವುದಿಲ್ಲ. ಎರಡನೆಯ ಕಂತಿನಲ್ಲಿ ಬಾಲ್ಟಿಮೋರಿನ ಬೀದಿಯಲ್ಲಿ ಪೊಲೀಸರು ಸ್ಯಾಮ್‌ನನ್ನು ತಡೆದು ಗುರುತಿನ ಚೀಟಿ ಕೇಳುತ್ತಾರೆ. ಅವನು ಯಾರೆಂದು ತಿಳಿದ ಕೂಡಲೇ ಅವರ ದನಿಯೇ ಬದಲಾಗುತ್ತದೆ. ಕಪ್ಪು ಅಮೆರಿಕನ್ನರ ದಿನದಿನದ ಅನುಭವ ಭಾಷಣವಿಲ್ಲದೆ ಇಲ್ಲಿ ಬಂದಿದೆ. ಇಷ್ಟು ಬಲ್ಲವರು ಮುಂದೆ ಯಾಕೆ ಹಿಂಜರಿದರು ಎಂಬುದೇ ನನ್ನನ್ನು ಕಾಡುವ ವಿಷಯ.

ಮೊದಲನೆಯ ಹಿಂಜರಿಕೆ ವಾಕರ್‌ನ ವಿಷಯದಲ್ಲಿ. ರಿಗಾದ ಕೊಲೆಯ ನಂತರ ಅವನ ಪದವಿ, ಸವಲತ್ತುಗಳನ್ನು ಕಸಿದುಕೊಳ್ಳುತ್ತಾರೆ. ಕೊಲೆಯ ವಿಚಾರಣೆ ನಡೆಯುವುದಿಲ್ಲ. ನೀವು ಹೇಳಿಕೊಟ್ಟದ್ದನ್ನೇ ಮಾಡಿದೆ ಎಂದು ಅವನು ಅಧಿಕಾರಿಗಳ ಮುಂದೆ ಕೂಗುತ್ತಾನೆ. ಇಡೀ ಸರಣಿಯಲ್ಲಿ ಅತ್ಯಂತ ಮುಖ್ಯವಾದ ಆರೋಪ ಇದು. ಅದನ್ನು ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇಲ್ಲ, ಕಥೆಯೂ ಅದನ್ನು ಮುಂದಕ್ಕೆ ಒಯ್ಯುವುದಿಲ್ಲ. ಕೊನೆಯ ಕಂತಿನಲ್ಲಿ ಅವನು ಒತ್ತೆಯಾಳುಗಳಿದ್ದ ವಾಹನವನ್ನು ತಡೆದು ನಿಲ್ಲಿಸಲು ನೆರವಾಗುತ್ತಾನೆ, ವಿಂಟರ್ ಸೋಲ್ಜರ್ ಆಗಿದ್ದ ಬಕಿಯ ಜೊತೆ ಹಗುರವಾಗಿ ಮಾತಾಡುತ್ತ ನಡೆಯುತ್ತಾನೆ, ಹೊಸ ವೇಷ ಮತ್ತು ಹೊಸ ಕೆಲಸ ಪಡೆಯುತ್ತಾನೆ. ಚೌಕದಲ್ಲಿ ಸತ್ತ ಹುಡುಗನ ಹೆಸರು ನಿಕೊ. ಆ ಹೆಸರನ್ನು ಎಷ್ಟು ವೀಕ್ಷಕರು ನೆನಪಿಟ್ಟುಕೊಂಡಿದ್ದಾರು?

ಇದನ್ನು 1986ರ ಒಂದು ಸಂಚಿಕೆಯ ಜೊತೆ ಹೋಲಿಸಿ. ಕ್ಯಾಪ್ಟನ್ ಅಮೆರಿಕದ 321ನೆಯ ಸಂಚಿಕೆಯಲ್ಲಿ, ಒತ್ತೆಯಾಳುಗಳ ಮೇಲೆ ಗುಂಡು ಹಾರಿಸುತ್ತಿದ್ದ ಭಯೋತ್ಪಾದಕನೊಬ್ಬನನ್ನು ಸ್ಟೀವ್ ಬೇರೆ ದಾರಿ ಕಾಣದೆ ಬಂದೂಕಿನಿಂದ ಹೊಡೆದು ಕೊಲ್ಲುತ್ತಾನೆ. ಕೊಂದದ್ದು ಅಮಾಯಕರನ್ನು ಉಳಿಸಲು. ಹಾಗಿದ್ದೂ ಆ ಒಂದು ಸಾವು ಮುಂದಿನ ಸಂಚಿಕೆಯುದ್ದಕ್ಕೂ ಅವನನ್ನು ಬಿಡುವುದಿಲ್ಲ, ಅದಕ್ಕಾಗಿ ಅವನು ಜನರ ಮುಂದೆ ಉತ್ತರ ಕೊಡುತ್ತಾನೆ. ಸಮರ್ಥಿಸಿಕೊಳ್ಳಬಹುದಾದ ಕೊಲೆಗೇ ಅಷ್ಟು ಲೆಕ್ಕ ಕೊಡಬೇಕೆಂದು ಮಕ್ಕಳ ಕೈಗೆ ಹೋಗುತ್ತಿದ್ದ ಪತ್ರಿಕೆಗೆ ಅನ್ನಿಸಿತ್ತು. ಸಮರ್ಥಿಸಲಾಗದ ಕೊಲೆಯನ್ನು ಎರಡೇ ಕಂತುಗಳಲ್ಲಿ ಮರೆಸಬಹುದೆಂದು ಸರಣಿಗೆ ಅನ್ನಿಸಿತು.

ಎರಡನೆಯ ಹಿಂಜರಿಕೆ ಸರಣಿಯ ಫ್ಲ್ಯಾಗ್-ಸ್ಮ್ಯಾಷರ್ ಗುಂಪಿನ ನಾಯಕಿ ಕಾರ್ಲಿಯ ವಿಷಯದಲ್ಲಿ. ಹಿಂದಿನ ಮಾರ್ವೆಲ್ ಸಿನಿಮಾಗಳಲ್ಲಿ ಥಾನೋಸ್ ಎಂಬ ಖಳನ ಚಿಟಿಕೆಗೆ ಜಗತ್ತಿನ ಅರ್ಧ ಜನ ಐದು ವರ್ಷ ಮಾಯವಾಗಿದ್ದರು. ಉಳಿದವರಿಗೆ ಗಡಿಗಳು ತೆರೆದವು. ಖಾಲಿ ಮನೆಗಳು, ಖಾಲಿ ಕೆಲಸಗಳು ಬಡ ದೇಶಗಳಿಂದ ಬಂದವರಿಗೂ ಸಿಕ್ಕವು. ಮಾಯವಾದವರು ಹಿಂತಿರುಗಿದ ಮೇಲೆ ಅದೇ ಜನರನ್ನು ಶಿಬಿರಗಳಿಗೆ ತಳ್ಳಿ, ಬಂದ ಕಡೆಗೇ ಕಳಿಸಲು ಜಾಗತಿಕ ಮಂಡಳಿಯೊಂದು ಹೊರಟಿದೆ. ಹಳೆಯ ಕಾಮಿಕ್ಸಿನ ಫ್ಲ್ಯಾಗ್-ಸ್ಮ್ಯಾಷರ್‌ನದು ಬರೀ ತತ್ವ. ಅದನ್ನು ನಿರಾಶ್ರಿತರ ಹೊಟ್ಟೆಪಾಡಿನ ಪ್ರಶ್ನೆಯಾಗಿಸಿದ್ದು ಸರಣಿಯ ನಿಜವಾದ ಪ್ರತಿಭೆ. ಕಾರ್ಲಿ ಕದಿಯುವುದು ಔಷಧಿಯನ್ನು. ಅವಳನ್ನು ಸಾಕಿದವಳು ಶಿಬಿರದಲ್ಲಿ ಕ್ಷಯರೋಗದಿಂದ ಸಾಯುತ್ತಾಳೆ.

ಅವಳ ವಾದ ಗಟ್ಟಿಯಾಗುತ್ತಿದ್ದಂತೆಯೇ ಸರಣಿ ಅವಳ ಕೈಗೆ ಬಾಂಬು ಕೊಡುತ್ತದೆ. ಒಳಗೆ ಜನರಿದ್ದಾರೆಂದು ಗೊತ್ತಿದ್ದೂ ಅವಳು ಒಂದು ಕಟ್ಟಡವನ್ನು ಸ್ಫೋಟಿಸುತ್ತಾಳೆ. ಅವಳ ಸಂಗಾತಿಗಳಿಗೇ ಆಶ್ಚರ್ಯವಾಗುವಷ್ಟು ದಿಢೀರನೆ ಇದು ನಡೆಯುತ್ತದೆ. ನ್ಯಾಯವಾದ ಬೇಡಿಕೆಯಿಟ್ಟವರನ್ನು ಕೊಲೆಗಾರರನ್ನಾಗಿಸಿ ಬೇಡಿಕೆಗೆ ಉತ್ತರ ಕೊಡುವ ಕಷ್ಟದಿಂದ ಪಾರಾಗುವುದು ಸೂಪರ್‌ಹೀರೋ ಸಿನಿಮಾಗಳ ಹಳೆಯ ಅಭ್ಯಾಸ. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ಒಬ್ಬನೇ ಹೋಗಿ ಅವಳ ಜೊತೆ ಮಾತಿಗೆ ಕೂರುತ್ತಾನೆ. ಇಬ್ಬರೂ ಪರಸ್ಪರ ಕೇಳಿಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ವಾಕರ್ ನುಗ್ಗಿ ಎಲ್ಲವನ್ನೂ ಕೆಡಿಸುತ್ತಾನೆ. ಆ ಮಾತುಕತೆಯ ಎಳೆಯನ್ನು ಕಥೆ ಮತ್ತೆ ಎತ್ತಿಕೊಳ್ಳಲೇ ಇಲ್ಲ. ಕೊನೆಯಲ್ಲಿ ಸ್ಯಾಮ್ ಮಂಡಳಿಯ ರಾಜಕಾರಣಿಗಳ ಮುಂದೆ ಉದ್ದದ ಭಾಷಣ ಮಾಡುವ ಹೊತ್ತಿಗೆ ಕಾರ್ಲಿ ಹೆಣವಾಗಿದ್ದಾಳೆ. ನಿರಾಶ್ರಿತರ ಪರವಾಗಿ ಆಡಿದ ಆ ಮಾತುಗಳಲ್ಲಿ ನಿರಾಶ್ರಿತರ ದನಿ ಒಂದೂ ಇಲ್ಲ. ಅವಳ ಉಳಿದ ಸಂಗಾತಿಗಳನ್ನು ಸೆರೆಗೆ ಒಯ್ಯುವ ವಾಹನವೂ ಸ್ಫೋಟಗೊಳ್ಳುತ್ತದೆ. ಹೀಗೆ ಪ್ರಶ್ನೆ ಕೇಳಿದವರೆಲ್ಲ ಸತ್ತರು, ಕೇಳಿಸಿಕೊಂಡವರು ಮನೆಗೆ ಹೋದರು.

ಮೂರನೆಯದು, ಎಲ್ಲಕ್ಕಿಂತ ನೋವಿನದು, ಐಸಾಯಾ ಬ್ರ್ಯಾಡ್ಲಿಯ ಕಥೆ. 2003ರಲ್ಲಿ ರಾಬರ್ಟ್ ಮೊರಾಲೆಸ್ ಬರೆದು ಕೈಲ್ ಬೇಕರ್ ಚಿತ್ರಿಸಿದ ‘ಟ್ರೂತ್: ರೆಡ್, ವೈಟ್ ಅಂಡ್ ಬ್ಲ್ಯಾಕ್’ ಏಳು ಸಂಚಿಕೆಗಳ ಕಿರುಸರಣಿ. ಕ್ಯಾಪ್ಟನ್ ಅಮೆರಿಕನನ್ನು ಸೃಷ್ಟಿಸಿದ ಔಷಧಿಯನ್ನು ಅಮೆರಿಕದ ಸೇನೆ ತನ್ನ ಕಪ್ಪು ಸೈನಿಕರ ಮೇಲೆ ಅವರಿಗೆ ತಿಳಿಸದೆ ಪ್ರಯೋಗಿಸಿತು, ಹೆಚ್ಚಿನವರು ಪ್ರಯೋಗದಲ್ಲೇ ಸತ್ತರು, ಉಳಿದವರು ಯುದ್ಧದಲ್ಲಿ ಕಳೆದುಹೋದರು, ಕೊನೆಗುಳಿದವನು ಐಸಾಯಾ ಎಂಬುದು ಅದರ ಕಥೆ. ಅವನು ಕ್ಯಾಪ್ಟನ್‌ನ ವೇಷ ಕದ್ದು ತೊಟ್ಟು ನಾಜಿ ಯಾತನಾ ಶಿಬಿರಕ್ಕೆ ನುಗ್ಗುತ್ತಾನೆ. ದೇಶ ಅವನಿಗೆ ಕೊಟ್ಟ ಪ್ರತಿಫಲ ಸೇನಾ ವಿಚಾರಣೆ, ಹದಿನೇಳು ವರ್ಷಗಳ ಏಕಾಂತ ಸೆರೆ, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕೆಂಬ ಷರತ್ತಿನ ಬಿಡುಗಡೆ.

ಈ ಕಥೆಯ ಬೇರು ನಿಜಜೀವನದಲ್ಲಿದೆ. ಅಲಬಾಮದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಸುಮಾರು 600 ಬಡ ಕಪ್ಪು ಗಂಡಸರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ರೋಗ ಯಾವುದೆಂದು ಅವರಿಗೆ ಹೇಳಲಿಲ್ಲ. 1940ರ ದಶಕದಲ್ಲಿ ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ದೇಹವನ್ನು ಹೇಗೆ ಕೊಲ್ಲುತ್ತದೆ ಎಂದು ನೋಡುತ್ತ ನಲವತ್ತು ವರ್ಷ ಕಳೆದರು.

ಸರಣಿಯ ಐಸಾಯಾ ಕೊರಿಯಾ ಯುದ್ಧದ ಸೈನಿಕ. ಸೆರೆಸಿಕ್ಕ ತನ್ನ ಸಂಗಾತಿಗಳನ್ನು ಆಜ್ಞೆ ಮೀರಿ ಉಳಿಸಿದ್ದಕ್ಕೆ ಮೂವತ್ತು ವರ್ಷ ಜೈಲಿನಲ್ಲಿದ್ದು, ಪ್ರಯೋಗಗಳಿಗೆ ಮೈಯೊಡ್ಡಿದವನು. ಕಾರ್ಲ್ ಲಂಬ್ಲಿ ಈ ಪಾತ್ರಕ್ಕೆ ಜೀವ ತುಂಬಿದ್ದಾರೆ. ಕಾಮಿಕ್ಸಿನ ಐಸಾಯಾ ಸೆರೆಯಲ್ಲಿ ಮಿದುಳಿಗೆ ಹಾನಿಯಾಗಿ ಮಾತು ಕಳೆದುಕೊಂಡಿದ್ದ, ಅವನ ಕಥೆಯನ್ನು ಹೆಂಡತಿ ಫೇತ್ ಹೇಳಬೇಕಾಗಿತ್ತು. ಸರಣಿ ಅವನಿಗೆ ಸ್ವಂತ ದನಿ ಕೊಟ್ಟಿದೆ. ಈ ಒಂದು ಬದಲಾವಣೆ ಮೂಲಕ್ಕಿಂತ ಮೇಲಾದದ್ದು. ಕಪ್ಪು ಮನುಷ್ಯನನ್ನು ಕ್ಯಾಪ್ಟನ್ ಅಮೆರಿಕನಾಗಲು ಅವರು ಬಿಡುವುದಿಲ್ಲ, ಮರ್ಯಾದೆಯಿರುವ ಕಪ್ಪು ಮನುಷ್ಯ ಆಗಲು ಬಯಸುವುದೂ ಇಲ್ಲ ಎಂದು ಐದನೆಯ ಕಂತಿನಲ್ಲಿ ಅವನು ಸ್ಯಾಮ್‌ಗೆ ಹೇಳುವಾಗ, ಅದಕ್ಕೆ ತಕ್ಕ ಉತ್ತರ ಸಿಗಲೇಬೇಕೆಂದು ನೋಡುವವರಿಗೆ ಅನ್ನಿಸುತ್ತದೆ.

ಸಿಕ್ಕ ಉತ್ತರ ಒಂದು ಪ್ರತಿಮೆ. ಸ್ಯಾಮ್ ಅವನನ್ನು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕ್ಯಾಪ್ಟನ್ ಅಮೆರಿಕ ವಿಭಾಗದಲ್ಲಿ ಹೊಸದಾಗಿ ನಿಲ್ಲಿಸಿದ ಅವನ ಪ್ರತಿಮೆ ತೋರಿಸುತ್ತಾನೆ. ಐಸಾಯಾ ಕಣ್ಣೀರಿಡುತ್ತಾನೆ, ಸ್ಯಾಮ್‌ನನ್ನು ಅಪ್ಪಿಕೊಳ್ಳುತ್ತಾನೆ. ನಟರಿಬ್ಬರೂ ಅದ್ಭುತವಾಗಿ ಅಭಿನಯಿಸಿದ್ದಾರೆ, ದೃಶ್ಯ ಮನಸ್ಸು ಕಲಕುತ್ತದೆ. ಕಲಕಿದ ಮನಸ್ಸು ತಿಳಿಯಾದ ಮೇಲೆ ಪ್ರಶ್ನೆಗಳು ಏಳುತ್ತವೆ. ಆ ಪ್ರಯೋಗಕ್ಕೆ ಆಜ್ಞೆ ಕೊಟ್ಟವರು ಯಾರು? ಅವನನ್ನು ಮೂವತ್ತು ವರ್ಷ ಕೂಡಿಹಾಕಿದ ಇಲಾಖೆ ಯಾವುದು? ಸತ್ತವರ ಮನೆಯವರಿಗೆ ಏನು ಸಿಕ್ಕಿತು? ಸರ್ಕಾರ ಕ್ಷಮೆ ಕೇಳಿತೆ? ಒಂದಕ್ಕೂ ಉತ್ತರವಿಲ್ಲ, ಕೇಳುವವರೂ ಇಲ್ಲ. ಒಬ್ಬ ಪ್ರಸಿದ್ಧ ವ್ಯಕ್ತಿಯ ಒಳ್ಳೆಯ ಮನಸ್ಸಿನಿಂದ ಇನ್ನೊಬ್ಬನಿಗೆ ಗೌರವ ದೊರೆಯಿತು, ಅಷ್ಟೆ.

ನಿಜವಾದ ಅಮೆರಿಕ ಇದಕ್ಕಿಂತ ಹೆಚ್ಚು ಮಾಡಬೇಕಾಯಿತು. 1972ರಲ್ಲಿ ಪತ್ರಕರ್ತೆ ಜೀನ್ ಹೆಲ್ಲರ್ ಟಸ್ಕೀಗೀಯ ಸುದ್ದಿಯನ್ನು ಬಯಲಿಗೆ ತಂದರು. ಸೆನೆಟ್ ವಿಚಾರಣೆ ನಡೆಸಿತು. ವಕೀಲ ಫ್ರೆಡ್ ಗ್ರೇ ಹೂಡಿದ ದಾವೆಯಲ್ಲಿ 1974ರಲ್ಲಿ 1 ಕೋಟಿ ಡಾಲರ್ ಪರಿಹಾರಕ್ಕೆ ಸರ್ಕಾರ ಒಪ್ಪಿತು. ಅದೇ ವರ್ಷ ಮನುಷ್ಯರ ಮೇಲಿನ ಸಂಶೋಧನೆಯನ್ನು ನಿಯಂತ್ರಿಸುವ ಕಾನೂನು ಬಂತು. 1997ರ ಮೇ 16ರಂದು ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಇದೆಲ್ಲ ತಡವಾಗಿ ಬಂತು, ಸಾಕಾಗಲೂ ಇಲ್ಲ. ಆದರೂ ಅಲ್ಲಿ ಪತ್ರಿಕೆ, ನ್ಯಾಯಾಲಯ, ಶಾಸನಸಭೆ ಮೂರೂ ಕೆಲಸ ಮಾಡಿದವು. ಬೇಕಾದುದನ್ನು ಊಹಿಸಿಕೊಳ್ಳುವ ಸ್ವಾತಂತ್ರ್ಯವಿರುವ ಕಲ್ಪನಾಲೋಕ ವಾಸ್ತವದಷ್ಟೂ ನ್ಯಾಯವನ್ನು ಊಹಿಸಿಕೊಳ್ಳಲಾರದೆ ಹೋದದ್ದು ಈ ಸರಣಿಯ ದೊಡ್ಡ ಸೋಲು.

ಮೊರಾಲೆಸ್ ಮತ್ತು ಬೇಕರ್ ಕಂಡ ಇನ್ನೊಂದು ಸತ್ಯವೂ ಇಲ್ಲಿ ಕಳೆದುಹೋಗಿದೆ. ಅವರ ಕಾಮಿಕ್ಸಿನಲ್ಲಿ ಸ್ಟೀವ್ ರೋಜರ್ಸ್ ಪ್ರಯೋಗದ ಹೊಣೆಗಾರರನ್ನು ಹುಡುಕಿಕೊಂಡು ಹೋಗಿ ಎದುರಾಗುತ್ತಾನೆ. ಕೊನೆಗೆ ಅವನು ಐಸಾಯಾನ ಮನೆಗೆ ಬಂದಾಗ ಗೋಡೆಯ ತುಂಬ ಫೋಟೊಗಳಿವೆ. ಮಾಲ್ಕಂ ಎಕ್ಸ್, ನೆಲ್ಸನ್ ಮಂಡೇಲಾ ಅವರಂಥವರು ಐಸಾಯಾನ ಪಕ್ಕ ನಿಂತಿದ್ದಾರೆ. ಬಿಳಿಯರ ಚರಿತ್ರೆ ಅಳಿಸಿದ ಹೆಸರನ್ನು ಕಪ್ಪು ಜನ ತಲೆಮಾರುಗಳ ಕಾಲ ತಮ್ಮೊಳಗೇ ಕಾಪಾಡಿಕೊಂಡಿದ್ದಾರೆ. ಗೊತ್ತಿಲ್ಲದೆ ಉಳಿದವನು ಸ್ಟೀವ್ ಒಬ್ಬನೇ. ಐಸಾಯಾ ಸರ್ಕಾರಿ ಮನ್ನಣೆಗೆ ಕಾದು ಕುಳಿತಿಲ್ಲ. ಸರಣಿಯ ಐಸಾಯಾ ಮರೆಯಾಗಿ ಬದುಕುವ ಮುದುಕ. ಅವನನ್ನು ನೆನೆಯುವ ಸಮುದಾಯ ಎಲ್ಲೂ ಕಾಣುವುದಿಲ್ಲ, ಆದ್ದರಿಂದ ಅವನ ಗೌರವ ಸಂಗ್ರಹಾಲಯದಿಂದಲೇ ಬರಬೇಕಾಯಿತು.

ಇಷ್ಟು ದೊಡ್ಡ ಬಂಡವಾಳದ, ಮುಂದಿನ ಸಿನಿಮಾಗಳಿಗೆ ದಾರಿ ಮಾಡಿಕೊಡಬೇಕಾದ ಸರಣಿಯಿಂದ ಇದನ್ನೆಲ್ಲ ನಿರೀಕ್ಷಿಸುವುದು ಸರಿಯೆ ಎಂದು ಕೆಲವರು ಕೇಳುತ್ತಾರೆ. ನಿರೀಕ್ಷಿಸಬೇಕು. 1974ರ ಆ ಸಂಚಿಕೆ 25 ಸೆಂಟ್ ಬೆಲೆಯ ಮಾಸಪತ್ರಿಕೆ. ಅದೂ ಲಾಭಕ್ಕೆಂದೇ ನಡೆಯುತ್ತಿದ್ದ ಸಂಸ್ಥೆಯ ಸ್ವತ್ತು, ಮುಂದಿನ ತಿಂಗಳೂ ಮಾರಾಟವಾಗಬೇಕಾದದ್ದು, ಓದುವವರಲ್ಲಿ ಮಕ್ಕಳೇ ಹೆಚ್ಚು. ವ್ಯಾಪಾರದ ಒತ್ತಡ ಅಂದೂ ಇತ್ತು. ಅದರೊಳಗೇ ಲೇಖಕರು ಶ್ವೇತಭವನದ ಬಾಗಿಲವರೆಗೆ ಕಥೆಯನ್ನು ಒಯ್ದರು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕೊನೆಗೆ ಸ್ಯಾಮ್ ತಾನೇ ಕ್ಯಾಪ್ಟನ್ ಅಮೆರಿಕನಾಗಿ ಗುರಾಣಿಯನ್ನು ಎತ್ತಿಕೊಂಡದ್ದೇ ಉತ್ತರ, ಈ ದೇಶವನ್ನು ಕಟ್ಟಿದ ಕಪ್ಪು ಜನ ಅದರ ಲಾಂಛನ ಹೊರಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ ಎಂಬ ವಾದ ಅದು. ಈ ವಾದಕ್ಕೆ ನನ್ನ ಗೌರವವಿದೆ. ಸ್ಯಾಮ್ ಪಾತ್ರದಲ್ಲಿ ಆಂಥನಿ ಮ್ಯಾಕಿ ಅದನ್ನು ಅಂತಃಕರಣದಿಂದ ಅಭಿನಯಿಸಿದ್ದಾರೆ. ಅದು ಸ್ಯಾಮ್ ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರವೂ ಹೌದು. ಪ್ರಭುತ್ವ ಐಸಾಯಾನಿಗೆ ಏನು ಮಾಡಿತು, ಈಗ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಹಚ್ಚಲು ಬರುವುದಿಲ್ಲ.

ಕಾಮಿಕ್ಸ್ ಎಲ್ಲ ಕಾಲಕ್ಕೂ ಧೀರವಾಗಿತ್ತೆಂದು ನಾನು ಹೇಳುತ್ತಿಲ್ಲ. 1969ರಲ್ಲಿ ಸ್ಟ್ಯಾನ್ ಲೀ ಮತ್ತು ಜೀನ್ ಕೋಲನ್ ಸೃಷ್ಟಿಸಿದ ಸ್ಯಾಮ್ ವಿಲ್ಸನ್ ಘನತೆಯುಳ್ಳ ಸಮಾಜಸೇವಕ. 1975ರ 186ನೆಯ ಸಂಚಿಕೆ ಅವನ ಹಿನ್ನೆಲೆ ತಿರುಚಿ, ಅವನು ಹಿಂದೆ ಅಪರಾಧ ಜಗತ್ತಿನ ಪುಂಡನಾಗಿದ್ದನೆಂದು ಬರೆಯಿತು. ಅದು ನಾಚಿಕೆಗೇಡಿನ ಪುಟ. ವಾಕರ್‌ನ ಕಪ್ಪು ಸಂಗಾತಿ ಲೆಮಾರ್ ಹಾಸ್ಕಿನ್ಸ್‌ಗೆ ಗ್ರುಯೆನ್‌ವಾಲ್ಡ್ ಮೊದಲು ಬಕಿ ಎಂಬ ಹೆಸರನ್ನೇ ಕೊಟ್ಟಿದ್ದರು. ಕಪ್ಪು ಗಂಡಸನ್ನು ಹಾಗೆ ಕರೆಯುವುದು ಗುಲಾಮಗಿರಿಯ ಕಾಲದ ಬೈಗುಳವನ್ನು ನೆನಪಿಸುತ್ತದೆಂದು ಕಪ್ಪು ಲೇಖಕ ಡ್ವೇನ್ ಮ್ಯಾಕ್‌ಡಫಿ ತಿಳಿಸಿದಾಗ ಅವರು ಹೆಸರು ಬದಲಿಸಿದರು. ಬದಲಿಸಿದ ಕಾರಣವನ್ನೂ ಕಥೆಯೊಳಗೇ ಒಬ್ಬ ಕಪ್ಪು ಪಾತ್ರದ ಬಾಯಲ್ಲಿ ಹೇಳಿಸಿದರು. ತಪ್ಪನ್ನು ಹೀಗೆ ಎಲ್ಲರೆದುರು ತಿದ್ದಿಕೊಳ್ಳುವ ಗುಣವನ್ನೇ ನಾನು ಸರಣಿಯಿಂದಲೂ ಬಯಸಿದ್ದೆ.

ಅದಕ್ಕೆ ಅವಕಾಶವೂ ಬಂದಿತ್ತು. 2025ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಕ್ಯಾಪ್ಟನ್ ಅಮೆರಿಕ: ಬ್ರೇವ್ ನ್ಯೂ ವರ್ಲ್ಡ್’ ಚಿತ್ರದಲ್ಲಿ ಐಸಾಯಾ ಮತ್ತೆ ಬಂದ. ಈ ಸಲ ಅವನ ಮನಸ್ಸನ್ನು ಯಾರೋ ವಶಪಡಿಸಿಕೊಂಡು ಅಧ್ಯಕ್ಷರ ಮೇಲೆ ಗುಂಡು ಹಾರಿಸುವಂತೆ ಮಾಡುತ್ತಾರೆ, ಸರ್ಕಾರ ಅವನನ್ನು ಮತ್ತೆ ಜೈಲಿಗೆ ಹಾಕುತ್ತದೆ, ಸ್ಯಾಮ್ ಅವನನ್ನು ಬಿಡಿಸುತ್ತಾನೆ. ಮೂವತ್ತು ವರ್ಷದ ಸೆರೆಯ ಹಳೆಯ ಅನ್ಯಾಯದ ಲೆಕ್ಕ ತೀರುವ ಮೊದಲೇ ಕಥೆಗೆ ಓಟ ಕೊಡಲು ಅದೇ ಮುದುಕನ ಕೈಗೆ ಮತ್ತೆ ಕೋಳ ತೊಡಿಸಿದರು. ಪ್ರತಿಮೆ ನಿಲ್ಲಿಸಿದ ದೇಶದಲ್ಲಿ ಏನೂ ಬದಲಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅಮೆರಿಕದ ಕಥೆಯಾದರೂ ಇದು ನಮಗೆ ದೂರದ್ದಲ್ಲ. ಅನ್ಯಾಯಕ್ಕೊಳಗಾದವರ ಪ್ರತಿಮೆಯನ್ನು ವೃತ್ತದಲ್ಲಿ ನಿಲ್ಲಿಸಿ, ಜಯಂತಿಯ ದಿನ ಹಾರ ಹಾಕಿ, ಅವರ ಬೇಡಿಕೆಗಳನ್ನು ಕಡತದಲ್ಲೇ ಬಿಡುವುದನ್ನು ನಾವೂ ಬಲ್ಲೆವು. ಜನಪ್ರಿಯ ಕಥೆಗಳು ನ್ಯಾಯವೆಂದರೇನು ಎಂಬ ಕಲ್ಪನೆಯನ್ನು ಎಳೆಯ ಮನಸ್ಸುಗಳಲ್ಲಿ ಬಿತ್ತುತ್ತವೆ. ಗೌರವ ಕೊಟ್ಟರೆ ಸಾಕು, ಲೆಕ್ಕ ಕೊಡಬೇಕಿಲ್ಲ ಎಂದು ಅವು ಕಲಿಸಿದರೆ ಆ ಪಾಠ ಯಾವ ದೇಶಕ್ಕೂ ಒಳ್ಳೆಯದಲ್ಲ.

ನನ್ನ ತೀರ್ಮಾನ ಇಷ್ಟು: ನಟನೆಯಲ್ಲಿ, ಪ್ರಶ್ನೆಯ ಆಯ್ಕೆಯಲ್ಲಿ ಈ ಸರಣಿ ಗೆದ್ದಿದೆ. ಹೊಣೆಗಾರಿಕೆಯ ವಿಷಯದಲ್ಲಿ, ಅಂದರೆ ತಾನೇ ಎತ್ತಿಕೊಂಡ ಮುಖ್ಯ ವಿಷಯದಲ್ಲಿ, ಸೋತಿದೆ. ಅದನ್ನು ನೋಡಿ ಮೆಚ್ಚಿದವರು ಮೊರಾಲೆಸ್ ಮತ್ತು ಬೇಕರ್ ಅವರ ‘ಟ್ರೂತ್’ ಕೃತಿಯನ್ನೂ ಹುಡುಕಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದೆ ಯಾವುದೇ ಸೂಪರ್‌ಹೀರೋ ಕಥೆ ಒಂದು ಪ್ರತಿಮೆ ತೋರಿಸಿ ನಿಮ್ಮ ಕಣ್ಣು ಒದ್ದೆ ಮಾಡಿದಾಗ, ತಪ್ಪು ಮಾಡಿದವರಿಗೆ ಏನಾಯಿತು ಎಂದು ತಪ್ಪದೆ ಕೇಳಿ.